ಪಲ್ಯವೇ ಊಟ, ಅನ್ನಕ್ಕೆ ರಜೆ

ಹದವಾದ ಒಂದು ರಾಗಿ ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು ಹಿಡಿಯುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಬೊಹೈಡ್ರೇಟ್. ಮಾತ್ರೆಗೆ ಬಗ್ಗದ ಫಿಟ್ಸ್ ಇರುವ ಕೆಲವು ಮಕ್ಕಳಿಗೆ ವೈದ್ಯರು ಇಡೀ ದಿನಕ್ಕೆ ಗೊತ್ತು ಮಾಡಿಕೊಡುವ ಕಾರ್ಬೊಹೈಡ್ರೇಟ್ 40ರಿಂದ 60 ಗ್ರಾಂ ಮಾತ್ರ. ಬೆಳಿಗ್ಗೆ ಒಂದು ಮುದ್ದೆ ನುಂಗಿದರೆ ಆ ಮಗುವಿನ ಅಂದಿನ ಲೆಕ್ಕ ಮುಗಿದು, ಮರುದಿನದ ಸಾಲವೂ ಆಯಿತು. ‘ರಾಗಿ ತಿಂದವನು ನಿರೋಗಿ’ ಎಂದು ನಂಬಿ ಬೆಳೆದ ಮನೆಗಳಿಗೆ ಈ ಲೆಕ್ಕ ಮೊದಲ ದಿನ ತಲೆಗೆ ಹತ್ತುವುದಿಲ್ಲ. ಸಕ್ಕರೆ ಬಿಡಬೇಕು ಎಂದರೆ ಯಾರಿಗೂ ಅರ್ಥವಾಗುತ್ತದೆ. ರಾಗಿ, ಅಕ್ಕಿ, ಗೋಧಿ ಎಲ್ಲವನ್ನೂ ಪಕ್ಕಕ್ಕಿಡಿ ಎಂದರೆ ಮತ್ತೆ ಮಗುವಿಗೆ ಹಾಕುವುದೇನನ್ನು?

ಈ ಚಿಕಿತ್ಸೆಗೆ ಲೋ ಗ್ಲೈಸಿಮಿಕ್ ಇಂಡೆಕ್ಸ್ ಥೆರಪಿ ಎಂದು ಹೆಸರು. ಇದರ ಹಿಂದೆ ನೂರು ವರ್ಷದ ಕಥೆಯಿದೆ. ಉಪವಾಸವಿದ್ದರೆ ಮೂರ್ಛೆ ಕಡಿಮೆಯಾಗುತ್ತದೆ ಎಂಬುದು ಬಹಳ ಹಳೆಯ ತಿಳಿವಳಿಕೆ. ಆದರೆ ಬೆಳೆಯುವ ಮಗುವನ್ನು ಎಷ್ಟು ದಿನ ಉಪವಾಸ ಕೆಡವಲಾದೀತು? 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಇದಕ್ಕೊಂದು ದಾರಿ ಹುಡುಕಿದರು. ಹೊಟ್ಟೆ ತುಂಬ ಕೊಬ್ಬಿನ ಆಹಾರ ಕೊಟ್ಟು ಕಾರ್ಬೊಹೈಡ್ರೇಟನ್ನು ಬಹುಪಾಲು ನಿಲ್ಲಿಸಿದರೆ ದೇಹ ಉಪವಾಸದಲ್ಲಿದ್ದಂತೆಯೇ ಕೊಬ್ಬನ್ನು ಕರಗಿಸಿ ಕೀಟೋನುಗಳನ್ನು ತಯಾರಿಸುತ್ತದೆ. ಇದೇ ಕೀಟೋಜೆನಿಕ್ ಆಹಾರ. 1938ರ ಹೊತ್ತಿಗೆ ಫೆನಿಟೊಯಿನ್ ಎಂಬ ಮೂರ್ಛೆಯ ಔಷಧಿ ಬಂತು. ಮಾತ್ರೆ ನುಂಗುವುದು ಸುಲಭ, ತೂಕ ಹಾಕಿ ಅಡುಗೆ ಮಾಡುವುದು ಕಷ್ಟ; ಹಾಗಾಗಿ ಆಹಾರದ ದಾರಿ ಮೂಲೆಗೆ ಬಿತ್ತು. ಅದನ್ನು ಮತ್ತೆ ಮುನ್ನೆಲೆಗೆ ತಂದವರು ಹಾಲಿವುಡ್ ನಿರ್ದೇಶಕ ಜಿಮ್ ಅಬ್ರಹಾಮ್ಸ್. ಮಗ ಚಾರ್ಲಿಯ ಫಿಟ್ಸ್ ಯಾವ ಔಷಧಿಗೂ ನಿಲ್ಲದೆ, 1990ರ ದಶಕದ ಆರಂಭದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಈ ಆಹಾರದಿಂದ ಹತೋಟಿಗೆ ಬಂದಾಗ ಅವರು ಅದನ್ನು ಊರಿಗೆಲ್ಲ ಸಾರಿದರು. 1997ರಲ್ಲಿ ಮೆರಿಲ್ ಸ್ಟ್ರೀಪ್ ನಟಿಸಿದ ಚಿತ್ರವನ್ನೂ ತೆಗೆದರು.

ಕೀಟೋಜೆನಿಕ್ ಆಹಾರದ ಕಷ್ಟವೆಂದರೆ ಅದರ ಬಿಗಿ. ಒಂದೊಂದು ತುತ್ತನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ನರರೋಗ ತಜ್ಞೆ ಎಲಿಜಬೆತ್ ಥೀಲಿ ಮತ್ತು ಆಹಾರ ತಜ್ಞೆ ಹೈಡಿ ಫೈಫರ್ ಸ್ವಲ್ಪ ಸಡಿಲವಾದ ಒಂದು ಪದ್ಧತಿಯನ್ನು ರೂಪಿಸಿ 2005ರಲ್ಲಿ ಪ್ರಕಟಿಸಿದರು. ಕೀಟೋಜೆನಿಕ್ ಆಹಾರದಲ್ಲಿರುವ ಮಕ್ಕಳ ರಕ್ತದ ಗ್ಲೂಕೋಸ್ ಏರಿಳಿತವಿಲ್ಲದೆ ಸಮವಾಗಿರುತ್ತದೆ. ಉಪಯೋಗದ ಗುಟ್ಟು ಆ ಸಮಸ್ಥಿತಿಯಲ್ಲೂ ಇರಬಹುದಲ್ಲವೇ ಎಂಬುದು ಅವರ ಆಲೋಚನೆ. ಹಾಗಾಗಿ ಕಾರ್ಬೊಹೈಡ್ರೇಟ್ ದಿನಕ್ಕೆ 40ರಿಂದ 60 ಗ್ರಾಂ ಇರಲಿ, ಆದರೆ ಅದು ಗ್ಲೈಸಿಮಿಕ್ ಸೂಚ್ಯಂಕ 50ಕ್ಕಿಂತ ಕಡಿಮೆ ಇರುವ ಪದಾರ್ಥದಿಂದಲೇ ಬರಲಿ ಎಂದರು. ಸುಮಾರು ಶೇ 60ರಷ್ಟು ಶಕ್ತಿ ಕೊಬ್ಬಿನಿಂದ ಬರಬೇಕು. ಗ್ರಾಂ ತಕ್ಕಡಿ ಬೇಡ, ಚಮಚ–ಬಟ್ಟಲಿನ ಅಳತೆ ಸಾಕು. ಶುರು ಮಾಡಲು ಆಸ್ಪತ್ರೆಗೆ ಸೇರಬೇಕಾಗಿಯೂ ಇಲ್ಲ.

ಈ ಸೂಚ್ಯಂಕವನ್ನು ಕೊಟ್ಟವರು ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು, 1981ರಲ್ಲಿ. ತಿಂದದ್ದು ಎಷ್ಟು ಬೇಗ, ಎಷ್ಟು ಎತ್ತರಕ್ಕೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ ಎಂಬ ಅಳತೆ ಅದು. ಗ್ಲೂಕೋಸ್‌ಗೆ 100 ಎಂದಿಟ್ಟುಕೊಂಡರೆ ಕಡಲೆಕಾಳು 30ರ ಆಸುಪಾಸು, ಶೇಂಗಾ ಅದಕ್ಕೂ ಕೆಳಗೆ. ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಇಡ್ಲಿ, ಮಂಡಕ್ಕಿ ಎಲ್ಲ ಮೇಲಿನ ಮೆಟ್ಟಿಲಲ್ಲೇ.

ನಮ್ಮ ದೇಶದಲ್ಲೂ ಇದರ ಪರೀಕ್ಷೆ ನಡೆದಿದೆ. ದೆಹಲಿಯ ಏಮ್ಸ್‌ನಲ್ಲಿ ಔಷಧಿಗೆ ಬಗ್ಗದ ಮೂರ್ಛೆ ರೋಗವಿದ್ದ 170 ಮಕ್ಕಳನ್ನು ಮೂರು ಗುಂಪು ಮಾಡಿ ಕೀಟೋಜೆನಿಕ್, ಅದರದೇ ಇನ್ನೊಂದು ಸಡಿಲ ರೂಪವಾದ ಮಾರ್ಪಡಿಸಿದ ಅಟ್ಕಿನ್ಸ್ ಮತ್ತು ಈ ಕಡಿಮೆ ಗ್ಲೈಸಿಮಿಕ್ ಆಹಾರವನ್ನು ಕೊಟ್ಟು ನೋಡಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಆರು ತಿಂಗಳ ಹೊತ್ತಿಗೆ ಫಿಟ್ಸ್ ಇಳಿದ ಪ್ರಮಾಣದ ನಡುಮಟ್ಟ ಕೀಟೋಜೆನಿಕ್ ಗುಂಪಿನಲ್ಲಿ ಶೇ 66, ಅಟ್ಕಿನ್ಸ್‌ನಲ್ಲಿ ಶೇ 45, ಇದರಲ್ಲಿ ಶೇ 54. ಕೀಟೋಜೆನಿಕ್‌ಗೆ ಇದು ಸರಿಸಮ ಎಂದು ಸಾಬೀತಾಗಲಿಲ್ಲ. ಅಡ್ಡಪರಿಣಾಮ ಮಾತ್ರ ಇದರಲ್ಲಿ ಸ್ಪಷ್ಟವಾಗಿ ಕಡಿಮೆಯಿತ್ತು. ದಿನಕ್ಕೆ ಹತ್ತು ಸಲ ಬರುತ್ತಿದ್ದ ಫಿಟ್ಸ್ ಐದಕ್ಕೆ ಇಳಿದರೆ ಆ ಮನೆಗೆ ಎಷ್ಟು ಹಗುರ ಎಂಬುದನ್ನು ಶೇಕಡಾವಾರು ಹೇಳುವುದಿಲ್ಲ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಇದು ಪತ್ರಿಕೆ ಓದಿ ಮನೆಯಲ್ಲಿ ಶುರು ಮಾಡುವ ಪಥ್ಯವಲ್ಲ. ಸರಿಯಾಗಿ ಆರಿಸಿ, ಸರಿಯಾದ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಿಗಳಿಂದಲೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆ ಎನ್ನುತ್ತಾರೆ. ಮೂರ್ಛೆ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇಂಥವರು. ಆಹಾರ ಚಿಕಿತ್ಸೆಯ ಪ್ರಶ್ನೆ ಬರುವುದು ಹೆಚ್ಚಾಗಿ ಆಗಲೇ. ಹುಟ್ಟಿನಿಂದಲೇ ಕೊಬ್ಬನ್ನು ಕರಗಿಸಲಾಗದ ದೋಷವಿರುವ ಮಕ್ಕಳಿದ್ದಾರೆ, ಅವರಿಗೆ ಕೊಬ್ಬಿನ ಊಟ ಪ್ರಾಣಕ್ಕೇ ಕುತ್ತು. ಅದಕ್ಕಾಗಿ ಮೊದಲು ರಕ್ತ, ಮೂತ್ರ ಪರೀಕ್ಷೆ. ಆಮೇಲೆ ನರರೋಗ ತಜ್ಞರು, ಆಹಾರ ತಜ್ಞರು ಇಬ್ಬರೂ ಕೂತು ಲೆಕ್ಕ ಹಾಕಬೇಕು. ಮಾತ್ರೆಯನ್ನಂತೂ ತಾವಾಗಿ ನಿಲ್ಲಿಸುವಂತಿಲ್ಲ.

ಅಷ್ಟಾದ ಮೇಲೆ ಉಳಿಯುವುದು ಅಡುಗೆಮನೆ. ದಿನಕ್ಕೆ 1400 ಕ್ಯಾಲೊರಿ ಬೇಕಾದ ಮಗು ಎಂದಿಟ್ಟುಕೊಳ್ಳಿ. 50 ಗ್ರಾಂ ಕಾರ್ಬೊಹೈಡ್ರೇಟ್ ಕೊಡುವುದು 200 ಕ್ಯಾಲೊರಿ, ಏಳರಲ್ಲಿ ಒಂದು ಪಾಲು. ಶೇ 60 ಕೊಬ್ಬಿನಿಂದ ಎಂದರೆ 93 ಗ್ರಾಂ ಕೊಬ್ಬು. ನಮ್ಮ ತಟ್ಟೆ ಕಟ್ಟಿರುವುದೇ ಇದಕ್ಕೆ ತಿರುಗಾಮುರುಗಾ: ನಡುವೆ ಅನ್ನವೋ ಮುದ್ದೆಯೋ ರೊಟ್ಟಿಯೋ ರಾಶಿ, ಅಂಚಿನಲ್ಲಿ ನೆಂಚಿಕೊಳ್ಳಲು ಪಲ್ಯ, ಚಟ್ನಿ, ಕೋಸಂಬರಿ. ಆದರೆ ಆ ಅಂಚನ್ನೇ ಸ್ವಲ್ಪ ನೋಡಿ. ಈ ಮಗುವಿಗೆ ಬೇಕಾದದ್ದು ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ಇದೆ. ಹೊಸ ಅಡುಗೆ ಕಲಿಯುವುದಕ್ಕಿಂತ ತಟ್ಟೆಯ ಅಂಚನ್ನು ನಡುವಿಗೆ ಎಳೆಯುವುದೇ ಇಲ್ಲಿನ ಮುಖ್ಯ ಕೆಲಸ ಎಂದು ನನಗನ್ನಿಸುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಬಾದಾಮಿ ಹಿಟ್ಟಿನ ಬ್ರೆಡ್, ಆವಕಾಡೊ ಸಲಾಡ್ ಬೆನ್ನು ಹತ್ತಿ ಸುಸ್ತಾಗುವ ತಾಯಂದಿರಿಗೆ ಈ ಮಾತನ್ನು ಮೊದಲ ದಿನವೇ ಯಾರಾದರೂ ಹೇಳಬೇಕು.

ಉತ್ತರ ಕರ್ನಾಟಕದ ಎಣ್ಣೆಗಾಯಿ ತೆಗೆದುಕೊಳ್ಳಿ. ಎಳೆ ಬದನೆಕಾಯಿ, ಹೊಟ್ಟೆಯೊಳಗೆ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಮೇಲೆ ತೇಲುವ ಎಣ್ಣೆ. ಬೆಲ್ಲದ ಚೂರೊಂದನ್ನು ಬಿಟ್ಟರೆ ಇದು ಆಹಾರ ತಜ್ಞರೇ ಬರೆದುಕೊಟ್ಟಂತಿದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ ಗಟ್ಟಿ ಮೊಸರಲ್ಲಿ ಕಲಸಿ ಮೇಲೊಂದು ಚಮಚ ಎಣ್ಣೆ ಬಿಟ್ಟರೆ ಅದೇ ಒಂದು ಹೊತ್ತಿನ ಫಲಾಹಾರ. ಹಳೇ ಮೈಸೂರಿನ ಬಸ್ಸಾರಿನಲ್ಲಿ ಬಸಿದಿಟ್ಟ ಸೊಪ್ಪು–ಕಾಳಿನ ಪಲ್ಯಕ್ಕೆ ಕಾಯಿತುರಿ ಜೋರಾಗಿ ಬಿದ್ದರೆ ಮುದ್ದೆಯ ನೆನಪು ಅಷ್ಟಾಗಿ ಕಾಡದು. ಕರಾವಳಿ, ಮಲೆನಾಡಿನವರು ಇನ್ನೂ ಪುಣ್ಯವಂತರು. ಹಸಿ ತೆಂಗಿನಕಾಯಿಯ 100 ಗ್ರಾಂನಲ್ಲಿ 40 ಗ್ರಾಂ ಆಸುಪಾಸು ಕೊಬ್ಬೇ, ಕಾರ್ಬೊಹೈಡ್ರೇಟ್ ತೀರ ಕಡಿಮೆ; ಒಂದೆಲಗದ ತಂಬುಳಿ, ಪಡುವಲಕಾಯಿ ಮಜ್ಜಿಗೆಹುಳಿ, ಮೀನಿನ ಗಸಿ ಎಲ್ಲಕ್ಕೂ ತಳಪಾಯ ಅದೇ. ಹೀರೆ, ಸೋರೆ, ತೊಂಡೆ, ಬೆಂಡೆ, ಬೀನ್ಸ್, ಯಾವ ಸೊಪ್ಪಾದರೂ ಸರಿ. ಆಲೂಗಡ್ಡೆ, ಗೆಣಸು, ಬಾಳೆಹಣ್ಣು, ಸಪೋಟ, ಹಲಸು ಬೇಡ. ಹಣ್ಣಿನ ಆಸೆಗೆ ಸೀಬೆಯ ಹೋಳು, ಕಾಲ ಬಂದಾಗ ನಾಲ್ಕು ನೇರಳೆ.

ಅನ್ನವೇ ಬೇಕೆಂದು ಹಟ ಹಿಡಿದ ಮಗುವಿಗೆ ಹೂಕೋಸು ಒಳ್ಳೆಯ ಉಪಾಯ, ಆದರೆ ಮಾಡುವ ಕ್ರಮವಿದೆ. ಕುಕ್ಕರಿಗೆ ಹಾಕಿದಿರೋ ಕೆಟ್ಟಿತು, ನೀರು ಕುಡಿದು ಮೆತ್ತಗಾಗಿ ವಾಸನೆ ಬರುತ್ತದೆ. ತೊಳೆದು, ಬಟ್ಟೆಯಲ್ಲಿ ಒರೆಸಿ, ಕಾಯಿ ತುರಿಯುವ ಮಣೆಯಲ್ಲಿ ತುರಿಯಬೇಕು. ಬಾಣಲೆಗೆ ಧಾರಾಳವಾಗಿ ಎಣ್ಣೆ, ಸಾಸಿವೆ, ಶೇಂಗಾ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ. ತುರಿ ಹಾಕಿ ಮುಚ್ಚಳ ಮುಚ್ಚದೆ ದೊಡ್ಡ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಕೈಯಾಡಿಸಿದರೆ ಅಗುಳು ಬಿಡಿಬಿಡಿಯಾಗಿರುತ್ತದೆ. ಒಲೆ ಆರಿಸಿದ ಮೇಲೆ ಉಪ್ಪು, ಕಾಯಿತುರಿ, ನಿಂಬೆಹುಳಿ. ಉಪ್ಪನ್ನು ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಚಿತ್ರಾನ್ನದ ರುಚಿ ಇರುವುದು ಒಗ್ಗರಣೆಯಲ್ಲೇ ಎಂಬುದು ಇದನ್ನು ತಿಂದಾಗ ಗೊತ್ತಾಗುತ್ತದೆ.

ರೊಟ್ಟಿಯದು ಇನ್ನೂ ನಾಜೂಕು. ಹುರಿದು ಸಿಪ್ಪೆ ತೆಗೆದ ಶೇಂಗಾದ ತರಿ ಪುಡಿ ಎರಡು ದೊಡ್ಡ ಚಮಚ, ಅಗಸೆ ಪುಡಿ ಒಂದು ಚಮಚ, ಒಂದು ಮೊಟ್ಟೆ, ಉಪ್ಪು, ಜೀರಿಗೆ. ಶೇಂಗಾವನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಅಂಟಾಗುತ್ತದೆ. ಕಲಸಿದ್ದನ್ನು ಹತ್ತು ನಿಮಿಷ ಬಿಟ್ಟರೆ ಅಗಸೆ ಲೋಳೆಯಾಗಿ ಹಿಡಿದುಕೊಳ್ಳುತ್ತದೆ. ಗೋಧಿಯ ಜಿಗುಟು ಇದಕ್ಕಿಲ್ಲ, ಹರಿಯುತ್ತದೆ. ಬಾಳೆಲೆಯ ಮೇಲೆ ಅಕ್ಕಿರೊಟ್ಟಿಯಂತೆ ತಟ್ಟಿ, ಎಲೆಸಮೇತ ಕಾವಲಿಗೆ ಮಗುಚಿ, ಎಲೆ ಬಾಡಿದ ಮೇಲೆ ಎಳೆದು ತೆಗೆದು, ಸಣ್ಣ ಉರಿಯಲ್ಲಿ ತುಪ್ಪ ಬಿಟ್ಟು ಬೇಯಿಸಿದರೆ ಇಡಿಯಾಗಿ ಏಳುತ್ತದೆ. ಕಾರ್ಬೊಹೈಡ್ರೇಟ್ ಐದಾರು ಗ್ರಾಂ ಮೀರದು. ಮೊಟ್ಟೆ ತಿನ್ನದ ಮನೆಗಳಲ್ಲಿ ಅಗಸೆ ಹೆಚ್ಚು ಹಾಕಿ, ತುರಿದ ಪನೀರ್ ಸೇರಿಸಿ ಸಣ್ಣ ಸಣ್ಣದಾಗಿ ತಟ್ಟಿಕೊಳ್ಳುವುದು ಒಳ್ಳೆಯದು.

ಕಾಳು–ಬೇಳೆಗೆ ಇಲ್ಲಿ ಜಾಗವಿದೆ, ಅಳತೆಯಲ್ಲಿ. ಅದರಲ್ಲೂ ಇಡಿಯಾಗಿದ್ದಷ್ಟೂ ಒಳ್ಳೆಯದು. ಒಂದೇ ಹೆಸರುಕಾಳು ಉಸಲಿಯಾದಾಗ ನಿಧಾನವಾಗಿ ಜೀರ್ಣವಾಗುತ್ತದೆ, ನುಣ್ಣಗೆ ಹಿಟ್ಟಾದಾಗ ಬೇಗ. ಬೀಸಿದ್ದು, ಅತಿಯಾಗಿ ಬೆಂದದ್ದು, ಅರಳಿಸಿದ್ದು ಎಲ್ಲ ಸೂಚ್ಯಂಕವನ್ನು ಏರಿಸುತ್ತವೆ; ಹುಳಿ, ನಾರು, ಕೊಬ್ಬು ಇಳಿಸುತ್ತವೆ. ಹುಣಸೆ, ನಿಂಬೆ, ಮೊಸರು ಇಲ್ಲದೆ ಊಟವೇ ಇಲ್ಲ ಎನ್ನುವ ನಮ್ಮ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ. ಬೆಲ್ಲ, ಜೇನು ‘ನ್ಯಾಚುರಲ್’ ಎಂಬ ವಾದ ಮಾತ್ರ ನಡೆಯುವುದಿಲ್ಲ. ಸಿರಿಧಾನ್ಯದ ಅಂಗಡಿಯ ಬೋರ್ಡುಗಳನ್ನೂ ಈ ಮನೆಯವರು ದಾಟಿ ಹೋಗಬೇಕು: ನವಣೆ, ಸಾಮೆಯಲ್ಲೂ 100 ಗ್ರಾಂಗೆ 60 ಗ್ರಾಂ ಮೇಲ್ಪಟ್ಟು ಕಾರ್ಬೊಹೈಡ್ರೇಟ್ ಇದೆ.

ಅಡುಗೆಗಿಂತ ಕಷ್ಟ ಸುತ್ತಲಿನ ಜನ. ‘ಅನ್ನ ಕಾಣದೆ ಮಗು ಸೊರಗಿ ಹೋಗಿದೆ, ಒಂದು ತುತ್ತು ಕೊಡೇ, ಏನಾಗಲ್ಲ’ ಎನ್ನುವ ಅಜ್ಜಿ ಇಲ್ಲದ ಮನೆ ಯಾವುದು? ಅಜ್ಜಿಯನ್ನು ದೂರಿ ಪ್ರಯೋಜನವಿಲ್ಲ, ಅವರ ಕೈಗೇ ತುಪ್ಪದ ಡಬ್ಬಿ ಕೊಡಬೇಕು. ಇಷ್ಟು ತುಪ್ಪ ಹಾಕು ಎಂದು ಡಾಕ್ಟರೇ ಹೇಳುವ ಕಾಯಿಲೆ ಅವರಿಗೂ ಹೊಸದು. ಹಬ್ಬಗಳಲ್ಲಿ ರಾಮನವಮಿ ಸಲೀಸು: ಕೋಸಂಬರಿ, ಮಜ್ಜಿಗೆ ಉಂಟು, ಪಾನಕ ಬೇಡ. ಸಂಕ್ರಾಂತಿಯ ಎಳ್ಳಿನಲ್ಲಿ ಬೆಲ್ಲ, ಸಕ್ಕರೆ ಅಚ್ಚು ಆರಿಸಿ ತೆಗೆದರೆ ಎಳ್ಳು, ಕೊಬ್ಬರಿ, ಕಡಲೆಬೀಜ ಮಗುವಿನ ಪಾಲಿಗೆ. ಯುಗಾದಿಯಲ್ಲಿ ಪಾಪ, ಬೇವಷ್ಟೇ ಉಳಿಯುತ್ತದೆ.

ಸರ್ಕಾರಿ ಶಾಲೆಯಲ್ಲಿ ಕೊಡುವ ಮೊಟ್ಟೆ, ಬಾಳೆಹಣ್ಣು ಎರಡರಲ್ಲಿ ಈ ಮಗುವಿಗೆ ಹೊಂದುವುದು ಮೊಟ್ಟೆಯೊಂದೇ; ರಾಗಿ ಮಾಲ್ಟ್ ಬೇಡ, ಬಿಸಿಯೂಟದ ಬದಲು ಮನೆಯ ಡಬ್ಬಿ. ಟೀಚರಿಗೆ ಒಂದು ಚೀಟಿ ಬರೆದುಕೊಟ್ಟು, ಯಾರದಾದರೂ ಹುಟ್ಟಿದಹಬ್ಬಕ್ಕೆ ಚಾಕೊಲೇಟ್ ಹಂಚುವ ದಿನಕ್ಕೆಂದು ಅವರ ಡ್ರಾಯರಿನಲ್ಲಿ ಹುರಿದ ಶೇಂಗಾದ ಪೊಟ್ಟಣ ಇಟ್ಟಿರುವುದು ಜಾಣತನ. ಯಾರಿಗೂ ಹೊಳೆಯದ ಕಳ್ಳದಾರಿ ಇನ್ನೊಂದಿದೆ: ಔಷಧಿ. ಕೆಮ್ಮಿನ ಸಿರಪ್, ಜ್ವರದ ಸಿರಪ್, ಲೇಹ್ಯ, ಒಮ್ಮೊಮ್ಮೆ ಫಿಟ್ಸ್‌ನ ಸಿರಪ್ಪಿನಲ್ಲೂ ಸಕ್ಕರೆ ಇರುತ್ತದೆ. ಮಾತ್ರೆಯ ರೂಪದಲ್ಲಿ ಸಿಗುತ್ತದೆಯೇ ಎಂದು ಕೇಳಬೇಕು. ಬೇರೆ ಕಾಯಿಲೆಗೆ ಆಸ್ಪತ್ರೆಗೆ ಸೇರಿಸಿದರೆ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲೇ ಈ ಪಥ್ಯದ ವಿಷಯ ಹೇಳಬೇಕು.

ಖರ್ಚಿನ ಮಾತನ್ನು ಯಾರೂ ಆಡುವುದಿಲ್ಲ. ರೇಷನ್ನಿನಲ್ಲಿ ಬರುವುದು ಹೆಚ್ಚಾಗಿ ಅಕ್ಕಿ. ಈ ಮಗುವಿಗೆ ಬೇಕಾದದ್ದು ಎಣ್ಣೆ, ತುಪ್ಪ, ಶೇಂಗಾ, ಮೊಟ್ಟೆ, ಪನೀರ್, ದಿನಾ ತರಕಾರಿ. ಎಲ್ಲವೂ ದುಡ್ಡು ಕೊಟ್ಟು ತರುವಂಥವು. ಗ್ರಾಂ ಲೆಕ್ಕ ಹಾಕಿಕೊಡುವ ಆಹಾರ ತಜ್ಞರು ತಾಲ್ಲೂಕು ಮಟ್ಟದಲ್ಲಿ ಸಿಗುವುದು ಕಷ್ಟ, ಬೆಂಗಳೂರಿಗೆ ಓಡಾಡಿದರೆ ಕೂಲಿ ಹೋಗುತ್ತದೆ. ಮಧ್ಯಾಹ್ನದ ಬಿಸಿಯೂಟಕ್ಕೆ ಎಣ್ಣೆ–ಬೇಳೆ ಒದಗಿಸುವ ಸರ್ಕಾರಕ್ಕೆ ಇಂಥ ಬೆರಳೆಣಿಕೆಯ ಮಕ್ಕಳಿಗೆ ಶೇಂಗಾ ಎಣ್ಣೆಯ ಒಂದು ಡಬ್ಬಿ ಭಾರವಾಗಲಾರದು.

ಸಾಮಾನ್ಯವಾಗಿ ಮೂರು ತಿಂಗಳು ನೋಡುತ್ತಾರೆ. ಅಷ್ಟರಲ್ಲಿ ಗುಣ ಕಾಣದಿದ್ದರೆ ಬಿಡಿಸುತ್ತಾರೆ, ಅದು ತಾಯಿಯ ಕೈಗುಣದ ಸೋಲಲ್ಲ. ಹೊಂದಿದರೆ ಎರಡು ವರ್ಷದ ಆಸುಪಾಸು ಮುಂದುವರಿಯುತ್ತದೆ. ನಡುನಡುವೆ ಎತ್ತರ, ತೂಕ, ರಕ್ತದ ಕೊಬ್ಬು, ಕ್ಯಾಲ್ಸಿಯಂ ನೋಡುತ್ತಾರೆ, ವಿಟಮಿನ್ ಮಾತ್ರೆ ಜೊತೆಗಿರುತ್ತದೆ. ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು ಎಡಪುಟದಲ್ಲಿ ತಿಂದದ್ದು, ಬಲಪುಟದಲ್ಲಿ ಫಿಟ್ಸ್ ಬಂದ ಹೊತ್ತು ಬರೆದಿಟ್ಟರೆ ಡಾಕ್ಟರಿಗೆ ಬೇರೇನೂ ವಿವರಿಸಬೇಕಿಲ್ಲ. ಬಿಡಿಸುವಾಗಲೂ ಒಂದೇಟಿಗೆ ಅಲ್ಲ: ಕಾರ್ಬೊಹೈಡ್ರೇಟನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಪ್ರತಿ ಏರಿಕೆಯ ನಂತರ ಬಲಪುಟವನ್ನು ನೋಡಿಕೊಂಡು ಮುಂದಿನ ಹೆಜ್ಜೆ ಇಡುತ್ತಾರೆ.