ಅಂಜಿಕೆಗೂ ಅಳುವಿಗೂ ಎದೆಬಡಿತ ಒಂದೇ

ಹಾಸ್ಟೆಲಿನ ಒಂದು ಕೋಣೆ, ಒಂದೇ ಲ್ಯಾಪ್‌ಟಾಪು, ನಾವು ಆರು ಮಂದಿ. ಶನಿವಾರ ರಾತ್ರಿ ‘ಆಪ್ತಮಿತ್ರ’ ಹಾಕಿದ್ದೆವು. ಕತ್ತಲಲ್ಲಿ ಗೆಜ್ಜೆ ಸಪ್ಪಳ ಕೇಳಿಸಿದ ಕೂಡಲೇ ಇಬ್ಬರು ದಿಂಬಿನ ಹಿಂದೆ ಮುಖ ಮುಚ್ಚಿಕೊಂಡರು. ಜೋರಾಗಿ ನಕ್ಕವನು ಕಮಲಾಪುರದ ಗೆಳೆಯ: “ಏ, ಸಿನಿಮಾ ಅದ ಲೇ, ಯಾಕ ಅಂಜ್ತೀರಿ?”

ಮುಂದಿನ ವಾರ ‘ಬಾರ್ಡರ್’. 1971ರ ಲೋಂಗೆವಾಲಾ ಕದನದ ಮೇಲೆ 1997ರಲ್ಲಿ ಬಂದ ಸಿನಿಮಾ. ಗುಂಡು ಹಾರುವಾಗಲ್ಲ, ಸೈನಿಕರು ಮನೆಯ ಪತ್ರ ನೆನೆಯುವ ಹಾಡಿನ ಹೊತ್ತಿಗೆ ಅದೇ ಗೆಳೆಯ ಎದ್ದು ಹೊರಗೆ ಹೋದ. ಅವನ ಅಣ್ಣ ಸೈನ್ಯದಲ್ಲಿದ್ದಾನೆ ಅಂತ ನಮಗೆಲ್ಲ ಗೊತ್ತಿತ್ತು. ಸಿನಿಮಾ ಹಾಕುವಾಗ ಒಬ್ಬರಿಗೂ ಹೊಳೆಯಲಿಲ್ಲ.

ದೆವ್ವಕ್ಕೆ ನಕ್ಕವನು ಹಾಡಿಗೆ ಯಾಕೆ ಎದ್ದು ಹೋದ?

ಮೊದಲು ದೇಹದ ಕಡೆಯಿಂದ ನೋಡೋಣ. ದೊಡ್ಡ ಸಪ್ಪಳ ಫಟ್ ಅಂತ ಬಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಮೊದಲೇ ಕಣ್ಣು ಮಿಟುಕುತ್ತದೆ. ‘ಇದು ಖರೇನೋ ಸುಳ್ಳೋ’ ಅಂತ ಕೇಳುವಷ್ಟು ಪುರುಸೊತ್ತು ಮಿದುಳಿಗಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಂಟರಪ್ಟ್ ಮೊದಲು, ಪರಿಶೀಲನೆ ಆಮೇಲೆ. ಅಮಿಗ್ಡಾಲ ಗಂಟೆ ಬಾರಿಸುತ್ತದೆ, ಅಡ್ರಿನಲಿನ್ ಹರಿಯುತ್ತದೆ, ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ಆಮೇಲೆ ‘ಬರೀ ಪರದೆ’ ಅನ್ನೋ ತಿಳಿವಳಿಕೆ ಬಂದು ನಗು ಬರುತ್ತದೆ. ನಂಬಿಕೆ ಬರದಿದ್ದರೆ ಹಾರರ್ ಸಿನಿಮಾ ಮ್ಯೂಟ್ ಮಾಡಿ ನೋಡ್ರಿ, ಅರ್ಧ ದೆವ್ವ ಅಲ್ಲೇ ಸಾಯ್ತದ.

ಈ ಎದೆಬಡಿತಕ್ಕೆ ತನ್ನದೇ ಹೆಸರಿಲ್ಲ ಎಂದವರು ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್. 1962ರಲ್ಲಿ ಅವರ ವಾದ ಹೀಗಿತ್ತು: ದೇಹ ಬರೀ ಕೆರಳುತ್ತದೆ, ಅದು ಸಿಟ್ಟೋ ಖುಷಿಯೋ ಅಂಜಿಕೆಯೋ ಅಂತ ಮನಸ್ಸು ಸುತ್ತಲಿನದನ್ನು ನೋಡಿ ತೀರ್ಮಾನಿಸುತ್ತದೆ. ಅವರ ಪ್ರಯೋಗವನ್ನು ಆಮೇಲೆ ಪ್ರಶ್ನಿಸಿದವರೂ ಇದ್ದಾರೆ. ಡಾಲ್ಫ್ ಜಿಲ್ಮನ್ ಇನ್ನೊಂದು ಮಾತು ಸೇರಿಸಿದರು: ಒಂದು ದೃಶ್ಯದ ಕೆರಳಿಕೆ ಕೂಡಲೇ ಇಳಿಯುವುದಿಲ್ಲ, ಮುಂದಿನ ಭಾವನೆಗೂ ಬಲ ಕೊಡುತ್ತದೆ. ಸ್ವಿಚ್ ತೆಗೆದರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದ ಹಾಗೆ. ಹಾರರ್‌ನಲ್ಲಿ ಆ ಚಾರ್ಜ್ ನಗುವಾಗಿ, ಹಗುರವಾಗಿ ಖಾಲಿಯಾಗುತ್ತದೆ. ಯುದ್ಧದ ಸಿನಿಮಾದಲ್ಲಿ ‘ಇದು ಸುಳ್ಳು’ ಅಂತ ಹೇಳಿಕೊಂಡು ಬಿಡುಗಡೆ ಪಡೆಯಲು ಆಗುವುದಿಲ್ಲ. ಪಾತ್ರ ಸುಳ್ಳಿರಬಹುದು, ಗಡಿ ಸುಳ್ಳಲ್ಲ.

‘ಆಪ್ತಮಿತ್ರ’ವೇ ಇದಕ್ಕೆ ಒಳ್ಳೆ ಉದಾಹರಣೆ. ನಾಗವಲ್ಲಿಯಾಗಿ ಎಲ್ಲರನ್ನೂ ಅಂಜಿಸಿದ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸಿನಿಮಾ ತೆರೆಗೆ ಬಂದದ್ದು ಅದರ ನಂತರ. ಅದು ಗೊತ್ತಿದ್ದು ನೋಡುವಾಗ ಅದೇ ದೃಶ್ಯಕ್ಕೆ ಎದೆ ಬಡಿದುಕೊಳ್ಳುವುದು ಬೇರೆ ಕಾರಣಕ್ಕೆ.

ಹೋದ ತಿಂಗಳು ಕಲಬುರಗಿಯಿಂದ ಹುಮನಾಬಾದ್ ರಸ್ತೆಯ ಬಸ್ ಹತ್ತಿ ಗೆಳೆಯನ ಊರಿಗೆ ಹೋಗಿದ್ದೆವು. ಅವರ ಅವ್ವ ದೆವ್ವದ ಸಿನಿಮಾ ಕೊನೆತನಕ ನೋಡ್ತಾರೆ, ಯುದ್ಧದ್ದು ಬಂದರೆ ಚಾನೆಲ್ ಬದಲು. “ಯಾಕ್ರಿ ಅವ್ವಾ?” ಅಂದೆವು.

“ದೆವ್ವ ಮನೀಗಿ ಬರಂಗಿಲ್ಲ ಬಿಡಪ್ಪಾ. ಫೋನ್ ಬರ್ತದ.”

ಹೊರಡುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ಚೀಲ ತುಂಬ ಕೊಟ್ಟರು. ಈಗ ಶನಿವಾರ ಸಿನಿಮಾ ಆರಿಸುವುದು ಅವನೇ.