ಸೊರಡಿಯ ಧೂಳಿಗೆ ಯಾವ ಆಯಿಲು?

ಜತ್ತ ತಾಲೂಕಿನ ಸೊರಡಿಯಂತಹ ಊರಿನಲ್ಲಿ ಬೇಸಗೆಯ ಉಳುಮೆ ನಡೆಯುವಾಗ ದೂರದಿಂದ ನೋಡುವವನಿಗೆ ಟ್ರಾಕ್ಟರು ಕಾಣಿಸದು, ಧೂಳಿನ ಮೋಡ ಮಾತ್ರ ಕಾಣಿಸೀತು. ಸಾಂಗಲಿ ಜಿಲ್ಲೆಯ ಈ ಮಗ್ಗುಲು ಮಳೆನೆರಳಿನ ಸೀಮೆ. ಆಡಳಿತದ ಭಾಷೆ ಮರಾಠಿ. ಗಡಿಗೆ ತಾಗಿದ ಹಳ್ಳಿಗಳ ಮನೆಮಾತು ಕನ್ನಡ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿ ಅದರ ಐದನೆಯ ಒಂದು ಪಾಲು ಬಿದ್ದರೆ ಹೆಚ್ಚು. ಇಷ್ಟೆಲ್ಲ ಅಂತರವಿದ್ದರೂ ಅಲ್ಲಿನ ಟ್ರಾಕ್ಟರಿನವರಿಗೂ ನಮ್ಮ ಜೀಪು, ಪಿಕಪ್ಪಿನವರಿಗೂ ಅಂಗಡಿಯ ಮುಂದೆ ಎದುರಾಗುವ ಪ್ರಶ್ನೆ ಒಂದೇ: ಎಂಜಿನಿಗೂ ಗೇರುಪೆಟ್ಟಿಗೆಗೂ ಸಿಂಥೆಟಿಕ್ ಆಯಿಲು ಹಾಕಿಸಿದರೆ ಒಳ್ಳೆಯದಂತೆ, ಹೌದೆ?

ಬೆಲೆ ಎರಡು ಮೂರು ಪಟ್ಟು. ಬ್ಯಾಂಕಿನ ಕಂತು ಕಟ್ಟುತ್ತಿರುವ ಸಂಸಾರಕ್ಕೆ ಇದು ಸಣ್ಣ ಮಾತಲ್ಲ.

ಬಂಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಚ್ಚಿದ ಹಿರಿಯರಿಗೆ ಇದರ ತತ್ವ ಹೊಸದೇನಲ್ಲ. ಲೋಹ ಲೋಹವನ್ನು ಮುಟ್ಟದಂತೆ ನಡುವೆ ಎಣ್ಣೆಯ ತೆಳುಪದರ ನಿಲ್ಲಬೇಕು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಆಯಿಲಿನಿಂದಲೇ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳು ಹಾರಿದ್ದು ಅದೇ ಎಣ್ಣೆಯ ಬಲದಿಂದ. ಆಮೇಲೆ ಭೂಮಿಯಿಂದ ತೆಗೆದ ಕಚ್ಚಾತೈಲದ ಆಯಿಲು ಎಲ್ಲ ಕಡೆ ಹರಡಿತು. ಇದರಲ್ಲಿ ಅಣುಗಳು ಸಣ್ಣವೂ ದೊಡ್ಡವೂ ಕಲಬೆರಕೆಯಾಗಿರುತ್ತವೆ: ಹಗುರವಾದವು ಕಾವಿಗೆ ಆರಿಹೋಗುತ್ತವೆ, ಮೇಣದಂತಹವು ಚಳಿಗೆ ಹೆಪ್ಪುಗಟ್ಟುತ್ತವೆ. ಸಿಂಥೆಟಿಕ್ ಎಂದರೆ ಕಾರ್ಖಾನೆಯಲ್ಲಿ ಅಣುಗಳನ್ನು ಒಂದೇ ಅಳತೆಗೆ ಜೋಡಿಸಿ ಮಾಡಿದ್ದು. ಆದರೆ 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪೆನಿಗಳ ನಡುವೆ ಜಾಹೀರಾತಿನ ತಕರಾರೊಂದು ನಡೆದು, ಕಚ್ಚಾತೈಲವನ್ನೇ ಬಹಳವಾಗಿ ಸಂಸ್ಕರಿಸಿದ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಕರೆಯಬಹುದೆಂದಾಯಿತು. ಅಂದಿನಿಂದ ಡಬ್ಬಿಯ ಮೇಲಿನ ಈ ಪದದ ತೂಕ ಸ್ವಲ್ಪ ಇಳಿದಿದೆ ಎಂದೇ ನನ್ನ ಅಭಿಪ್ರಾಯ.

ಡಬ್ಬಿಯ ಮೇಲೆ ಓದಬೇಕಾದ್ದು ಬೇರೆಯೇ ಇದೆ. 15ಡಬ್ಲ್ಯು-40 ಎಂದಿದ್ದರೆ ಡಬ್ಲ್ಯು ಎಂಬುದು ಚಳಿಗಾಲದ ಗುರುತು. 40 ಎಂಬುದು 100 ಡಿಗ್ರಿ ಕಾವಿನಲ್ಲಿ ಆಯಿಲು ಎಷ್ಟು ದಪ್ಪ ಉಳಿಯುತ್ತದೆ ಎಂಬುದರ ದರ್ಜೆ. ಸಾದಾ 15ಡಬ್ಲ್ಯು-40 ಆಯಿಲೂ ಸಿಂಥೆಟಿಕ್ 5ಡಬ್ಲ್ಯು-40 ಆಯಿಲೂ ಓಡುವ ಎಂಜಿನಿನ ಕಾವಿನಲ್ಲಿ ಒಂದೇ ದರ್ಜೆಯ ದಪ್ಪ. ಮುಖ್ಯ ವ್ಯತ್ಯಾಸ ಸೊನ್ನೆಗಿಂತ 20, 30 ಡಿಗ್ರಿ ಕೆಳಗಿನ ಚಳಿಯಲ್ಲಿ. ಅಂತಹ ಚಳಿ ಸೊರಡಿಗೂ ಇಲ್ಲ, ಮಂಜೇಶ್ವರಕ್ಕೂ ಇಲ್ಲ. ಹಿಮದ ನಾಡಿನವರಿಗೆ ಸಲ್ಲುವ ಆ ಗುಣಕ್ಕೆ ನಾವು ಪೂರ್ತಿ ಬೆಲೆ ತೆರಬೇಕೆ?

ಇನ್ನೊಂದು ಗುಣ ನಮಗೂ ಸಲ್ಲುತ್ತದೆ. ಕಾವಿಗೆ ಅದು ಬೇಗ ಕೆಡುವುದಿಲ್ಲ. ಟರ್ಬೊ ಇರುವ ಎಂಜಿನಿನಲ್ಲಿ ಟರ್ಬೊದ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತಿಗೂ ಮಿಕ್ಕಿ ತಿರುಗುತ್ತದೆ. ಭಾರ ಹೊತ್ತು ಘಟ್ಟ ಹತ್ತಿ ಬಂದು ಕೂಡಲೆ ಬಂದ್ ಮಾಡಿದರೆ ಅಲ್ಲಿ ನಿಂತ ಸಾದಾ ಆಯಿಲು ಸುಟ್ಟು ಕರಿಯಾಗುತ್ತದೆ. ಟರ್ಬೊ ಇರುವ ಪಿಕಪ್ಪನ್ನು ಘಟ್ಟಕ್ಕೆ ಓಡಿಸುವವರು ಸಿಂಥೆಟಿಕ್ ಹಾಕಿಸಿದರೆ ದುಡ್ಡು ದಂಡವಲ್ಲ. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ಡೀಸೆಲ್ ವಾಹನಗಳಲ್ಲಿ ಹೊಗೆಯ ಜಾಲರಿ ಇರುವುದರಿಂದ, ಕಡಮೆ ಬೂದಿ ಬಿಡುವ ಆಯಿಲನ್ನೇ ಕಂಪೆನಿ ಹೇಳಿರುತ್ತದೆ. ಅಲ್ಲಿ ಆಯ್ಕೆಯ ಮಾತಿಲ್ಲ, ಹೇಳಿದ್ದನ್ನೇ ಹಾಕಬೇಕು.

ಸೊರಡಿಯ ಹಳೆಯ ಟ್ರಾಕ್ಟರಿಗೆ ಬರೋಣ. ಎಂಜಿನಿಗೆ 7 ಲೀಟರು, ಬದಲಾವಣೆ 250 ಗಂಟೆಗೊಮ್ಮೆ ಎಂದಿಟ್ಟುಕೊಳ್ಳಿ. ಸಿಂಥೆಟಿಕ್‌ಗೆ ಎರಡೂವರೆ ಪಟ್ಟು ಬೆಲೆ ಕೊಟ್ಟರೆ, ಲೆಕ್ಕ ಸರಿದೂಗಲು ಅದೇ ಆಯಿಲಿನಲ್ಲಿ 625 ಗಂಟೆ ಓಡಿಸಬೇಕು. ಓಡಿಸಬಹುದೆ? ಕೂಡದು. ಆಯಿಲು ತಾನಾಗಿ ಕೆಡದಿರಬಹುದು, ಆದರೆ ಗಾಳಿಯೊಡನೆ ಒಳಹೊಕ್ಕ ಮಣ್ಣಿನ ಕಣ ಅದರಲ್ಲೇ ತೇಲುತ್ತಿರುತ್ತದೆ. ಮರಳಿನ ಕಣ ಸಾದಾ ಕಬ್ಬಿಣಕ್ಕಿಂತ ಗಡಸು. ಪಿಸ್ಟನ್ನಿನ ಬಳೆಯನ್ನೂ ಬೇರಿಂಗನ್ನೂ ಅದು ಉಜ್ಜುತ್ತಲೇ ಇರುತ್ತದೆ. ಎಷ್ಟು ದುಬಾರಿಯ ಆಯಿಲೂ ಮರಳನ್ನು ಕರಗಿಸಲಾರದು. ಆದ್ದರಿಂದ ಅಲ್ಲಿಯವರು ಹೆಚ್ಚುವರಿ ದುಡ್ಡನ್ನು ಗಾಳಿಯ ಫಿಲ್ಟರಿಗೂ ಅದರ ರಬ್ಬರು ಕೊಳವೆಗೂ ಹಾಕಿ, ಸಾದಾ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಬದಲಿಸುವುದು ಜಾಣತನ. ಎಣ್ಣೆಬಟ್ಟಲಿನ ಹಳೆಯ ಮಾದರಿಯ ಫಿಲ್ಟರಾದರೆ ಉಳುಮೆಯ ದಿನಗಳಲ್ಲಿ ದಿನಾ ಬಿಚ್ಚಿ ನೋಡಬೇಕು.

ಗೇರುಪೆಟ್ಟಿಗೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಷ್ಟೋ ಟ್ರಾಕ್ಟರುಗಳಲ್ಲಿ ಗೇರು, ಹೈಡ್ರಾಲಿಕ್ ಲಿಫ್ಟು, ಎಣ್ಣೆಯಲ್ಲಿ ಮುಳುಗಿದ ಬ್ರೇಕು ಮೂರಕ್ಕೂ ಒಂದೇ ಆಯಿಲು, ಅದೂ 40, 50 ಲೀಟರು. ಅದಕ್ಕೆ ಬರಿಯ ಗೇರಾಯಿಲು ಸುರಿದರೆ ಬ್ರೇಕು ಕಿರುಚುತ್ತದೆ, ಹಿಡಿಯುವುದು ತಪ್ಪುತ್ತದೆ. ಜೀಪು, ಕಾರುಗಳಲ್ಲಿ ಜಿ.ಎಲ್. 4, ಜಿ.ಎಲ್. 5 ಎಂಬ ದರ್ಜೆಗಳುಂಟು. 5 ದೊಡ್ಡದು, ಆದುದರಿಂದ ಮೇಲು ಎಂದು ತಿಳಿಯಬಾರದು. ಅದರಲ್ಲಿ ಗಂಧಕದ ಸೇರ್ಪಡೆ ಹೆಚ್ಚು. ಹಿಂದಿನ ಆಕ್ಸಲಿನ ಹಲ್ಲುಗಳಿಗೆ ಅದು ಬೇಕು, ಆದರೆ ಗೇರುಪೆಟ್ಟಿಗೆಯ ಹಿತ್ತಾಳೆಯ ಬಳೆಗಳನ್ನು ಕೆಲವು ಸಲ ಅದೇ ತಿನ್ನುತ್ತದೆ. ಬೈಕಿನಲ್ಲಂತೂ ಸಾಮಾನ್ಯವಾಗಿ ಎಂಜಿನು, ಕ್ಲಚ್ಚು, ಗೇರು ಮೂರಕ್ಕೂ ಒಂದೇ ಆಯಿಲು. ಜಾಸೊ ಎಂ.ಎ. ಎಂಬ ಗುರುತಿಲ್ಲದ ಕಾರಿನ ಆಯಿಲು ಹಾಕಿದರೆ ಕ್ಲಚ್ಚು ಜಾರೀತು. ಸಿಂಥೆಟಿಕ್ ಹೌದೋ ಅಲ್ಲವೋ ಎಂಬುದಕ್ಕಿಂತ ಈ ಗುರುತುಗಳೇ ಮುಖ್ಯ.

ಇವೆಲ್ಲ ವಾಹನದ ಕೈಪಿಡಿಯಲ್ಲಿರುತ್ತವೆ. ಕೈಪಿಡಿ ಅಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಬಂದರೆ, ಇಲ್ಲಿ ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಬಂದರೆ, ಅದು ಪೆಟ್ಟಿಗೆಯೊಳಗೇ ಉಳಿಯುತ್ತದೆ; ಮೆಕ್ಯಾನಿಕನ ಬಾಯಿಮಾತೇ ಶಾಸನವಾಗುತ್ತದೆ. ಆಯಿಲಿನ ಪುಟವೊಂದನ್ನಾದರೂ ಹೈಸ್ಕೂಲಿನ ಮಗ ಅಥವಾ ಮಗಳ ಕೈಯಲ್ಲಿ ಕನ್ನಡದಲ್ಲಿ ಬರೆಯಿಸಿ ಡ್ಯಾಷ್‌ಬೋರ್ಡಿಗೆ ಅಂಟಿಸಿಡಬಹುದು.

ಹಳೆಯ ಎಂಜಿನಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆಯಿಲು ಸೀಲನ್ನು ಹರಿಯುವುದಿಲ್ಲ. ಸವೆದ ಸೀಲಿಗೆ ಅಡ್ಡ ನಿಂತಿದ್ದ ಕಿಟ್ಟವನ್ನು ತೊಳೆದಾಗ ಸೋರಿಕೆ ಬಯಲಾಗುತ್ತದೆ, ಅಷ್ಟೇ.

ಆಯಿಲಿನ ಸ್ಥಿತಿ ನೋಡಲು ಮನೆಯಲ್ಲೇ ಒಂದು ಪರೀಕ್ಷೆಯುಂಟು. ಬಿಸಿ ಎಂಜಿನಿನ ಅಳತೆಕಡ್ಡಿಯಿಂದ ಒಂದು ಹನಿಯನ್ನು ಒತ್ತುಕಾಗದದ ಮೇಲೆ ಬಿಡಿ. ಕೆಲವು ಗಂಟೆ ಬಿಟ್ಟು ನೋಡಿ. ಬೂದುಬಣ್ಣ ಒಂದೇ ಸಮನೆ ಹರಡಿದ್ದರೆ ಆಯಿಲಿಗೆ ಇನ್ನೂ ಮಸಿಯನ್ನು ಹೊರುವ ಶಕ್ತಿಯಿದೆ. ನಡುವೆ ದಟ್ಟ ಕರಿಬೊಟ್ಟು ನಿಂತು ಅಂಚು ಗೆರೆ ಕೊರೆದಂತಿದ್ದರೆ ಬದಲಿಸುವ ಹೊತ್ತಾಯಿತು. ಶಾಲೆಯ ಮಕ್ಕಳು ಶಾಯಿಯ ಬಣ್ಣ ಬೇರ್ಪಡಿಸುವ ಪ್ರಯೋಗವೂ ಇದೇ ಜಾತಿಯದು. ಹೊರಗೆ ತೆಗೆದ ಆಯಿಲು ಹಾಲುಬೆರೆತಂತೆ ಕಂಡರೆ ನೀರು ಸೇರಿದೆ ಎಂದರ್ಥ. ಆಟಿಯ ಮಳೆಯಲ್ಲಿ ತೋಡು ದಾಟುವ ನಮ್ಮ ಜೀಪುಗಳ ಆಕ್ಸಲಿನಲ್ಲಿ ನೋಡಬೇಕಾದ್ದು ಇದನ್ನೇ.

ತೆಗೆದ ಕರಿ ಆಯಿಲನ್ನು ಗೆದ್ದಲಿಗೆಂದು ತೋಟದ ಬುಡಕ್ಕೆ ಸುರಿಯುವವರಿದ್ದಾರೆ. ಅದರಲ್ಲಿ ಸವೆದ ಲೋಹವೂ ಸುಟ್ಟ ವಿಷವಸ್ತುಗಳೂ ಇರುತ್ತವೆ, ಅವು ಬಾವಿಗೆ ಇಳಿಯುತ್ತವೆ. ಡಬ್ಬಿಯಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಟ್ಟುಬಿಡಿ. ಖಾಲಿ ಡಬ್ಬಿಗೆ ಮಾತ್ರ ಕೊಡುವ ಮೊದಲು ಮೊಳೆಯಿಂದ ಒಂದು ತೂತು ಹೊಡೆಯಿರಿ. ಇಲ್ಲವಾದರೆ ನಕಲಿ ಆಯಿಲು ತುಂಬಿಕೊಂಡು ಅದೇ ಡಬ್ಬಿ ಅಂಗಡಿಗೆ ಮರಳೀತು.