ರೋಡ್ ಟ್ಯಾಕ್ಸ್ ಕಟ್ಟಿದವರದೇ ರಸ್ತೆಯೆ? ಹೊರನಾಡಿನ ಹಾದಿಯ ಲೆಕ್ಕ

ಕೊಟ್ಟಿಗೆಹಾರದಿಂದ ಕಳಸಕ್ಕೂ ಅಲ್ಲಿಂದ ಭದ್ರೆಯನ್ನು ದಾಟಿ ಹೊರನಾಡಿಗೂ ಹೋಗುವ ಹಾದಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡಿ ಬೀಳುವುದು ಹೊಸದಲ್ಲ. ಆಗ ಕೇಳಿಬರುವ ದೂರಿನ ಹಿಂದೆ ಒಂದು ಗಟ್ಟಿಯಾದ ನಂಬಿಕೆ ಇದೆ: ವಾಹನ ಕೊಂಡಾಗ ಕಟ್ಟಿದ ರೋಡ್ ಟ್ಯಾಕ್ಸ್ ರಸ್ತೆಗೆಂದೇ ಮೀಸಲಾದ ಹಣ, ಕೆಎ 18 ಸಂಖ್ಯೆಯ ವಾಹನಗಳ ತೆರಿಗೆ ಚಿಕ್ಕಮಗಳೂರು ಜಿಲ್ಲೆಯ ರಸ್ತೆಗಳಿಗೇ ಬರಬೇಕಾದದ್ದು, ಅದು ಬಾರದಿದ್ದರೆ ನಡುವೆ ಯಾರೋ ನುಂಗಿರಬೇಕು. ನುಂಗುವವರೇ ಇಲ್ಲವೆಂದು ಯಾರೂ ವಾದಿಸಲಾರರು. ಆದರೆ ನುಂಗದೆ ಹೋದರೂ ಆ ಹಣ ಆ ದಾರಿಯಲ್ಲಿ ಬರುವುದಿಲ್ಲ.

ಜನ ರೋಡ್ ಟ್ಯಾಕ್ಸ್ ಅಥವಾ ಲೈಫ್ ಟ್ಯಾಕ್ಸ್ ಎನ್ನುವುದು 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಂತೆ ವಸೂಲಾಗುವ ವಾಹನ ತೆರಿಗೆಯಾಗಿದ್ದು, ಸ್ವಂತ ಬಳಕೆಯ ಕಾರಿಗೆ ಅದರ ಬೆಲೆಯನ್ನು ನೋಡಿ ಒಂದೇ ಸಲ, ಲಾರಿಯಂಥ ಬಾಡಿಗೆ ವಾಹನಗಳಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅದನ್ನು ಪಡೆಯಲಾಗುತ್ತದೆ. ಯಾವ ಜಿಲ್ಲೆಯ ಸಾರಿಗೆ ಕಚೇರಿಯಲ್ಲಿ ಕಟ್ಟಿದರೂ ಹಣ ಸೇರುವುದು ರಾಜ್ಯದ ಸಂಚಿತ ನಿಧಿಗೆ; ಅಂದರೆ ಸಂವಿಧಾನದ 266ನೇ ವಿಧಿಯಂತೆ ಸರ್ಕಾರದ ಎಲ್ಲ ತೆರಿಗೆಗಳೂ ಬೀಳುವ, ಶಾಸನಸಭೆಯ ಒಪ್ಪಿಗೆಯಿಲ್ಲದೆ ಒಂದು ರೂಪಾಯಿಯನ್ನೂ ತೆಗೆಯಲಾಗದ ಒಟ್ಟು ಖಜಾನೆಗೆ. ಸರ್ಕಾರಿ ಲೆಕ್ಕದಲ್ಲಿ ವಾಹನ ತೆರಿಗೆಯ ವರಮಾನ 0041 ಎಂಬ ಲೆಕ್ಕ ಶೀರ್ಷಿಕೆಯಡಿ ದಾಖಲಾದರೆ, ರಸ್ತೆ ಸೇತುವೆಗಳ ನಿರ್ವಹಣೆ 3054ರಲ್ಲಿಯೂ ಹೊಸ ನಿರ್ಮಾಣದ ಬಂಡವಾಳ ವೆಚ್ಚ 5054ರಲ್ಲಿಯೂ ಕಾಣುತ್ತದೆ. ಮೊದಲನೆಯದರಲ್ಲಿ ಬಂದಷ್ಟನ್ನು ಉಳಿದೆರಡರಲ್ಲಿ ಖರ್ಚು ಮಾಡಬೇಕೆಂಬ ನಿಯಮವಿಲ್ಲ. ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಕಾಸರಗೋಡಿನಿಂದ ಬರುವ ಕಾರಂತೂ ತನ್ನ ಆಜೀವ ತೆರಿಗೆಯನ್ನು ಕೇರಳಕ್ಕೆ ಕಟ್ಟಿರುತ್ತದೆ.

ಕಾನೂನು ಇಲ್ಲಿ ತೆರಿಗೆಗೂ ಶುಲ್ಕಕ್ಕೂ ನಡುವೆ ಗೆರೆ ಎಳೆಯುತ್ತದೆ. ಆ ಗೆರೆಯನ್ನು ಸ್ಪಷ್ಟಗೊಳಿಸಿದ ತೀರ್ಪು ಘಟ್ಟದ ಕೆಳಗಿನ ಉಡುಪಿಗೇ ಸಂಬಂಧಿಸಿದ್ದು: 1954ರ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಠಗಳಿಂದ ಮದರಾಸು ಸರ್ಕಾರ ಪಡೆಯುತ್ತಿದ್ದ ವಂತಿಗೆಯು ಸಂಚಿತ ನಿಧಿಗೆ ಸೇರುತ್ತಿದ್ದು ನಿರ್ದಿಷ್ಟ ಸೇವೆಯ ವೆಚ್ಚಕ್ಕೆ ಮೀಸಲಾಗಿಲ್ಲದ ಕಾರಣ ಅದು ಶುಲ್ಕವಲ್ಲ, ತೆರಿಗೆಯೇ ಎಂದು ಹೇಳಿತು. ಇದೇ ಒರೆಗಲ್ಲಿಗೆ ಹಚ್ಚಿದರೆ ಹೆದ್ದಾರಿಯ ಟೋಲ್ ಆ ಹೆದ್ದಾರಿಯ ಬಳಕೆಗೆ ತೆರುವ ಶುಲ್ಕವಾಗುತ್ತದೆ, ರೋಡ್ ಟ್ಯಾಕ್ಸ್ ತೆರಿಗೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಒಂದನ್ನು ಕಟ್ಟಿದ ಮೇಲೆ ಇನ್ನೊಂದನ್ನು ಕೇಳುವುದು ನುಂಗಲಾರದ ತುತ್ತಾದರೂ ಕಾನೂನಿನ ಕಣ್ಣಿಗೆ ಎರಡು ಸಲದ ವಸೂಲಿಯಲ್ಲ. ಜನರ ನಂಬಿಕೆ ಬುಡವಿಲ್ಲದ್ದೇನೂ ಅಲ್ಲ. ವಾಹನ ತೆರಿಗೆಯು ರಸ್ತೆಯ ಸೌಲಭ್ಯಕ್ಕೆ ಪ್ರತಿಯಾಗಿ ತೆರುವ ಪರಿಹಾರ ರೂಪದ ತೆರಿಗೆ ಎಂಬ ಸಿದ್ಧಾಂತವನ್ನು 1962ರಲ್ಲಿ ಸುಪ್ರೀಂ ಕೋರ್ಟೇ ಮುಂದಿಟ್ಟಿತ್ತು. ಆದರೆ ವಸೂಲಾದ ಮೊತ್ತವನ್ನೇ ಲೆಕ್ಕವಿಟ್ಟು ರಸ್ತೆಗೆ ಸುರಿಯಬೇಕೆಂದು ಆಗಲೂ ಹೇಳಿರಲಿಲ್ಲ, ಮತ್ತು 2016ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಬಹುಮತದಿಂದ ಆ ಸಿದ್ಧಾಂತವನ್ನೇ ಕೈಬಿಟ್ಟಿತು.

ಹಾಗಾದರೆ ಪೆಟ್ರೋಲಿನ ಮೇಲಿನ ಸೆಸ್ಸಾದರೂ ರಸ್ತೆಯದೇ ತಾನೆ ಎಂಬ ಎರಡನೆಯ ನಂಬಿಕೆ ಅರ್ಧ ನಿಜ. ಸೆಸ್, ಅಂದರೆ ಉಪಕರ, ಗೊತ್ತಾದ ಉದ್ದೇಶಕ್ಕೆಂದು ಹೇಳಿ ಹಾಕುವ ಹೆಚ್ಚುವರಿ ತೆರಿಗೆ. 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲ್ ಸುಂಕದ ಒಂದು ಪಾಲಿನಿಂದ ಕೇಂದ್ರ ರಸ್ತೆ ನಿಧಿ ಹುಟ್ಟಿತು. 2000ದ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟು, ಡೀಸೆಲ್ ಸೆಸ್ಸಿನ ಅರ್ಧವನ್ನು ಗ್ರಾಮೀಣ ರಸ್ತೆಗಳಿಗೆ ಎತ್ತಿಟ್ಟಿತು. 2018ರ ತಿದ್ದುಪಡಿಯಲ್ಲಿ ನಿಧಿಯ ಹೆಸರಿಗೆ ಮೂಲಸೌಕರ್ಯ ಎಂಬ ಪದ ಸೇರಿದ್ದೇ, ರೈಲು, ನೀರು, ಇಂಧನ ಮುಂತಾದವೂ ಪಾಲಿಗೆ ಬಂದವು. 2022ರ ಮೇ ತಿಂಗಳಿನ ಇಳಿಕೆಯ ನಂತರ ಲೀಟರ್ ಪೆಟ್ರೋಲಿನ ಮೇಲಿದ್ದ 19.90 ರೂಪಾಯಿ ಕೇಂದ್ರ ತೆರಿಗೆಯಲ್ಲಿ ರಸ್ತೆ ಮತ್ತು ಮೂಲಸೌಕರ್ಯದ ಸೆಸ್ 5 ರೂಪಾಯಿ ಮಾತ್ರ, ಡೀಸೆಲಿನ 15.80ರಲ್ಲಿ 2 ರೂಪಾಯಿ. ರಾಜ್ಯದಲ್ಲಿಯೂ ಕಥೆ ಬೇರೆಯಲ್ಲ: ಆಜೀವ ತೆರಿಗೆಯ ಜೊತೆಗೆ ಪಡೆಯುವ ಮೂಲಸೌಕರ್ಯ ಸೆಸ್ಸಿನ ಉದ್ದೇಶಗಳಲ್ಲಿ ಗ್ರಾಮೀಣ ರಸ್ತೆಯೊಂದಿಗೆ ಬೆಂಗಳೂರು ಮೆಟ್ರೊದ ಬಂಡವಾಳವೂ ಸೇರಿದೆ. ಮೂಡಿಗೆರೆಯಲ್ಲಿ ಬೈಕ್ ಕೊಂಡವರು ಅಷ್ಟರ ಮಟ್ಟಿಗೆ ಮೆಟ್ರೊದ ಪಾಲುದಾರರು.

ಮೂರನೆಯ ನಂಬಿಕೆ, ವಾಹನವಿಲ್ಲದವರು ರಸ್ತೆಗೆ ಏನನ್ನೂ ಕೊಟ್ಟಿಲ್ಲವೆಂಬುದು, ಹೆಚ್ಚು ಅನ್ಯಾಯದ್ದು. ಕರ್ನಾಟಕದ 2024-25ರ ಬಜೆಟ್ ಅಂದಾಜಿನಲ್ಲಿ ವಾಣಿಜ್ಯ ತೆರಿಗೆಗಳು 1.10 ಲಕ್ಷ ಕೋಟಿ, ಅಬಕಾರಿ 38,525 ಕೋಟಿ, ನೋಂದಣಿ ಮತ್ತು ಮುದ್ರಾಂಕ 26,000 ಕೋಟಿಯಾದರೆ, ವಾಹನ ತೆರಿಗೆ 13,000 ಕೋಟಿ ರೂಪಾಯಿ. ರಸ್ತೆಯ ಹಣವೂ ಇದೇ ಒಟ್ಟು ರಾಶಿಯಿಂದ ಬರುವುದರಿಂದ, ತೋಟದ ಲೈನುಮನೆಯಲ್ಲಿದ್ದು ಕೂಲಿಗೆ ಹೋಗುವ ಕುಟುಂಬ ಸೋಪಿನ ಜಿಎಸ್‌ಟಿಯಲ್ಲಿ, ಬಸ್ಸಿನ ಟಿಕೆಟ್ಟಿನೊಳಗಿನ ಡೀಸೆಲ್ ತೆರಿಗೆಯಲ್ಲಿ, ಸಂಜೆಯ ಕ್ವಾರ್ಟರ್ ಬಾಟಲಿಯಲ್ಲಿ ಕೂಡ ಅದಕ್ಕೆ ಪಾಲು ಕೊಟ್ಟಿರುತ್ತದೆ.

ಪ್ರವಾಸಿ ಕಾರುಗಳೇ ರಸ್ತೆ ಕೆಡಿಸುತ್ತವೆ ಎಂಬ ಮಾತನ್ನೂ ತೂಗಿ ನೋಡಬೇಕು. ಕಾರುಗಳು ಹೊರನಾಡಿನ ರಸ್ತೆಯನ್ನು ತುಂಬುತ್ತವೆ, ಒಡೆಯುವುದು ಕಡಿಮೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ಸ್‌ನಲ್ಲಿ ನಡೆದ ಪ್ರಯೋಗದಿಂದ ಹೊಮ್ಮಿದ ಸ್ಥೂಲ ಸೂತ್ರದಂತೆ ರಸ್ತೆಯ ಹಾನಿ ಅಚ್ಚಿನ ಮೇಲಿನ ಭಾರದ ನಾಲ್ಕನೆಯ ಘಾತದಷ್ಟು ಏರುತ್ತದೆ. ಹತ್ತು ಟನ್ ಹೊತ್ತ ಲಾರಿಯ ಅಚ್ಚು ಒಂದು ಟನ್ನಿನ ಅಚ್ಚಿಗಿಂತ ಸುಮಾರು 10,000 ಪಟ್ಟು ಹಾನಿ ಮಾಡುತ್ತದೆ, ಲಾರಿಯ ತೆರಿಗೆ ಮಾತ್ರ ಆ ಪ್ರಮಾಣದ ಹತ್ತಿರಕ್ಕೂ ಏರುವುದಿಲ್ಲ. ಮಲೆನಾಡಿನಲ್ಲಿ ಇದರ ಮೇಲೆ ಮಳೆ. ಚರಂಡಿ ಕಟ್ಟಿಕೊಂಡು ಮೋರಿ ಮುಚ್ಚಿಹೋದರೆ ಡಾಂಬರಿನಡಿಗೆ ನೀರು ಇಳಿದು ಬುಡವೇ ಮೆತ್ತಗಾಗುತ್ತದೆ, ಧರೆ ಕುಸಿದರೆ ರಸ್ತೆಯೇ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಮುಚ್ಚಿದ್ದು ಹೀಗೆಯೇ.

ಆದ್ದರಿಂದ ಒಂದು ರಸ್ತೆಗೆ ಹಣ ಬಂತೇ ಎಂಬ ಪ್ರಶ್ನೆಗೆ ಸಾರಿಗೆ ಕಚೇರಿಯ ರಸೀದಿಯಲ್ಲಿ ಉತ್ತರ ಸಿಗದು. ಲೋಕೋಪಯೋಗಿ ಇಲಾಖೆಯ ರಸ್ತೆಯಾಗಿದ್ದರೆ ಅದರ ಕಾಮಗಾರಿ, ಗುತ್ತಿಗೆದಾರರು ಅಪೆಂಡಿಕ್ಸ್-ಇ ಎಂದು ಕರೆಯುವ ಬಜೆಟ್ ಅನುಬಂಧದ ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು. ಹಳ್ಳಿಯ ಒಳರಸ್ತೆಯಾಗಿದ್ದರೆ ಪಂಚಾಯಿತಿಯ ಕ್ರಿಯಾ ಯೋಜನೆಯನ್ನು ಕೇಳಬೇಕು.